ಸೋಫಾ ಹೊಲಿಯುವವನ ಸಾಕ್ಷಿ

ನಲವತ್ತೊಂದು ವರ್ಷದಿಂದ ಬೋನ್‌ಫಿಂ ಬೀದಿಯಲ್ಲಿ
ಜನ ಕೂತು ಎದ್ದುಹೋದ ಜಾಗಗಳನ್ನು
ಬಿಚ್ಚುತ್ತೇನೆ, ತುಂಬುತ್ತೇನೆ, ಹೊಲಿಯುತ್ತೇನೆ.
ಪೋರ್ಟೊದ ಪಾದ್ರಿಗಳ ಕಿವಿಗೂ ಬೀಳದ ಗುಟ್ಟು
ನನ್ನ ಮೊಳೆ ಕೀಳುವ ಇಕ್ಕಳಕ್ಕೆ ಗೊತ್ತು.

ಹೊಸ್ತಿಲಲ್ಲೇ ಎಲ್ಲರೂ ಹೇಳುವ ಮಾತು:
‘ನಮ್ಮ ನಾಯಿ ಸೋಫಾ ಹತ್ತುವುದಿಲ್ಲ.’
ನಾನು ಕೇಳಿಯೇ ಇರುವುದಿಲ್ಲ.
ಹೂಂ ಎನ್ನುತ್ತೇನೆ. ಅಳತೆಪಟ್ಟಿ ಬಿಡಿಸುತ್ತೇನೆ.

ಮನುಷ್ಯ ಕೂತ ಕುಳಿ ಅಗಲ,
ನಡುವೆ ಒಂದು ಸಣ್ಣ ದಿಬ್ಬ.
ನಾಯಿಯದು ದುಂಡಗೆ, ಬೋಗುಣಿಯ ಹಾಗೆ,
ಮಲಗುವ ಮುಂಚೆ ಮೂರು ಸುತ್ತು ತಿರುಗಿ
ಕುಂಬಾರನಿಲ್ಲದೆ ಮಾಡಿಕೊಂಡ ಮಡಕೆ.
ಬೆಕ್ಕಿನ ಮಾತು ಬೇರೆ.
ಬೆಕ್ಕಿಗೆ ಯಾರೂ ಕಾನೂನು ಮಾಡಿದ್ದನ್ನು ನಾನು ಕಂಡಿಲ್ಲ.

ಮೊನ್ನೆ ಮಂಗಳವಾರ ಕುಸ್ತೋದಿಯು ಬಂದರು, ಜೊತೆಗೆ ಹೆಂಡತಿ ಫೆಲಿಸ್ಮಿನಾ.
ಮೂವತ್ತು ವರ್ಷ ಬಂದರಿನ ಸುಂಕದ ಮನೆಯಲ್ಲಿ
ಪರದೇಶದ ಪೆಟ್ಟಿಗೆಗಳ ಹೊಟ್ಟೆ ಬಗೆದ ಮನುಷ್ಯ.
ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು
ಯಾವ ನಾಯಿಗೆ ಏನು ದಕ್ಕೀತು?
ಫರುಸ್ಕುಗೆ ದಕ್ಕಿದ್ದು ಹಜಾರದ ಚಾಪೆ.
ದೀಪ ಆರಿಸುವ ಮುಂಚೆ, ದಿನಾ ರಾತ್ರಿ,
ಅಡುಗೆಮನೆಯ ಎರಡು ಕುರ್ಚಿ ತಂದು
ತಲೆಕೆಳಗಾಗಿ ಸೋಫಾದ ಮೇಲೆ ಇಡುತ್ತಾರಂತೆ.
‘ನಾಯಿ ನಾಯಿಯ ಜಾಗದಲ್ಲಿ’ ಎಂದರು,
ಮೇಜಿನ ಮೇಲೆ ಮುದ್ರೆ ಒತ್ತಿದ ಹಾಗೆ ಬೆರಳೂರಿ.

ಬಟ್ಟೆ ಕಿತ್ತೆ.
ಕುರ್ಚಿ ಒತ್ತಿದ ಗೆರೆ ಇತ್ತು, ಸುಳ್ಳಲ್ಲ.
ಗೆರೆಯ ಮೇಲೆ ಕೂದಲೂ ಇತ್ತು,
ಮಸಿ ಬಣ್ಣದ್ದು, ತುದಿಯಲ್ಲಿ ಬಿಳಿ.
ಸಂದಿಯಲ್ಲಿ ಎರಡು ಆಲಿವ್ ಬೀಜ, ಒಂದು ಬೀಗದ ಕೈ,
ಪೆಪ್ಪರ್‌ಮಿಂಟಿನ ಕಾಗದ, ಸರಿಯಾಗಿ ನಾಲ್ಕು ಮಡಿಕೆ ಮಡಿಚಿದ್ದು,
ನಾಯಿ ಬಿಸ್ಕತ್ತಿನ ಚೂರು.
ಎಡಗಡೆ ದುಂಡನೆಯ ಬೋಗುಣಿ.
ಅದಕ್ಕೆ ಅಂಟಿಕೊಂಡೇ ಅಗಲದ ಕುಳಿ.
ನಡುವೆ, ಯಾವ ನಾಯಿಯೂ ಸವೆಸಲಾರದ ಕಡೆ,
ಮೊಣಕೈ ಊರಿ ಊರಿ ಬೋಳಾದ ಅಂಗೈಯಗಲ.
ಅದರ ಅಡಿಯಲ್ಲಿ ಒಂದು ಕನ್ನಡಕ.

ಆರು ವರ್ಷದ ಹಿಂದೆ ಕಳೆದದ್ದಂತೆ.
ನಾಯಿ ಕಚ್ಚಿಕೊಂಡು ಹೋಯಿತೆಂದು
ಫರುಸ್ಕು ಒಂದು ವಾರ ಬಾಲ್ಕನಿಯಲ್ಲಿ ಮಲಗಿತ್ತು.

ನನಗೆ ನಾಲಿಗೆ ತಡೆಯಲಿಲ್ಲ:
‘ಸಾಹೇಬರೆ, ಘೋಷಿಸುವ ಸರಕು ಏನಾದರೂ ಉಂಟೆ?’

ಹೆಂಡತಿ ನಗಲಿಲ್ಲ.
ಕನ್ನಡಕವನ್ನು ಸೆರಗಿಲ್ಲದ ಅಂಗಿಯ ತುದಿಯಲ್ಲಿ ಒರೆಸಿ
ಗಂಡನ ಜೇಬಿಗೆ ಹಾಕಿದಳು.
ಅವರು ಗೋಡೆಯ ಕ್ಯಾಲೆಂಡರಿನಲ್ಲಿ
ಯಾವುದೋ ತಾರೀಖು ಹುಡುಕುತ್ತಿದ್ದರು.

ಹತ್ತಲಿ ಎಂದರೂ ನನಗೆ ಅನ್ನ, ಬೇಡ ಎಂದರೂ ಅನ್ನ.
ನ್ಯಾಯ ಕೇಳಬೇಡಿ, ಮೀಟರಿಗೆ ಎಷ್ಟು ಎಂದು ಕೇಳಿ.
ಪಟ್ಟಕ್ಕೆ ಕೂತ ನಾಯಿ ರಾಜ್ಯ ಕೇಳಿದ್ದನ್ನು ನಾನಂತೂ ಕಾಣೆ,
ಕೇಳುವುದು ಇಷ್ಟು, ಬೆನ್ನಿಗೆ ತಾಗುವ ಒಂದು ತೊಡೆ.
ಅದು ನನ್ನ ಮಾತು, ಬಿಲ್ಲಿಗೆ ಸೇರಿಸುವುದಿಲ್ಲ.

‘ಬಟ್ಟೆ ಯಾವುದು ಹಾಕಲಿ?’ ಎಂದೆ.
ಕುಸ್ತೋದಿಯು ಕೆನೆ ಬಣ್ಣದ ಕಡೆ ಕೈ ಚಾಚಿದರು,
ನಿಯಮದ ಪ್ರಕಾರ.

ಫೆಲಿಸ್ಮಿನಾ ಮಾದರಿಯ ಪುಸ್ತಕವನ್ನೇ ಎತ್ತಿಕೊಂಡು ಹೊರಗೆ ಹೋದಳು.
ವ್ಯಾನಿನಲ್ಲಿ ಫರುಸ್ಕು ಚಾಲಕನ ಸೀಟಿನಲ್ಲಿ ಕೂತಿತ್ತು.
ಒಂದೊಂದೇ ತುಂಡನ್ನು ಅದರ ಬೆನ್ನಿಗೆ ಹಿಡಿದು,
ಕಣ್ಣು ಕಿರಿದು ಮಾಡಿ,
ಮಸಿ ಸರಿಯೋ, ಕಂದು ಸರಿಯೋ, ಹೊಗೆ ಸರಿಯೋ ಎಂದು
ತೂಗಿ ತೂಗಿ ನೋಡಿದಳು.

ಹೊಗೆ ಬಣ್ಣ, ಮೂವತ್ತೆರಡನೆಯ ನಂಬರು.
ಒಗೆಯಬಹುದು.